ಹೊಲದಲ್ಲಿ ಹಳೆಯ ಬಾಣದ ಮೊನೆ ಸಿಕ್ಕಾಗ ಏನು ಮಾಡಬೇಕು

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಭತ್ತಕ್ಕೆಂದು ಹೊಲ ಮಟ್ಟ ಮಾಡಿಸುವಾಗ, ಲಿಂಗಸುಗೂರು ಮತ್ತು ಮಸ್ಕಿಯ ಕಡೆ ಕೃಷಿಹೊಂಡ ತೋಡಿಸುವಾಗ, ಕೊಪ್ಪಳದ ಗುಡ್ಡಗಳ ಬುಡದಲ್ಲಿ ಕುರಿ ಕಾಯುವಾಗ ಬೆರಳುದ್ದದ ಚೂಪಾದ ಲೋಹದ ತುಂಡೊಂದು ಕಣ್ಣಿಗೆ ಬೀಳುವುದು ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಅಪರೂಪವೇನಲ್ಲ. ಅದು ಸಾವಿರಾರು ವರ್ಷಗಳ ಹಿಂದಿನ ಬಾಣದ ಮೊನೆಯಾಗಿರಬಹುದು, ಐನೂರು ವರ್ಷಗಳ ಹಿಂದಿನದಾಗಿರಬಹುದು ಅಥವಾ ಅಜ್ಜನ ಕಾಲದ ಬಾರಕೋಲಿನ ಮೊಳೆಯೂ ಆಗಿರಬಹುದು. ಅದನ್ನು ಹೇಗೆ ನೋಡಬೇಕು, ಏನೇನು ಬರೆದಿಡಬೇಕು, ಹೇಗೆ ಕಾಪಾಡಬೇಕು, ಯಾರಿಗೆ ಒಪ್ಪಿಸಬೇಕು ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ. ಇಡೀ ಬರಹದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಒತ್ತಿ ಹೇಳುವವನಿದ್ದೇನೆ: ವಸ್ತುವಿಗಿಂತ ಅದು ಬಿದ್ದಿದ್ದ ಜಾಗ ಹೆಚ್ಚು ಹೇಳುತ್ತದೆ.

ಈ ಮಾತು ನನಗೆ ಮನದಟ್ಟಾದದ್ದು ಒಂದು ನಷ್ಟದಿಂದ. ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವ ಹೊಲ ಮಟ್ಟ ಮಾಡಿಸುತ್ತಿದ್ದಾಗ ಕಬ್ಬಿಣದ ಮೊನೆಯೊಂದು ಸಿಕ್ಕಿತು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಮಾವ ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆ ಪುಡಿ ಹಾಕಿ ಉಜ್ಜಿ, ದೇವರ ಮಾಡದಲ್ಲಿ ಇಟ್ಟಿದ್ದರು. ಮೊನೆಯ ಹಿಂಭಾಗದಲ್ಲಿ ಕಡ್ಡಿ ಸೇರಿಸುವ ಪುಟ್ಟ ಕೊಳವೆಯಿತ್ತು. ಅದರೊಳಗೆ ಗಟ್ಟಿಯಾಗಿ ಕೂತಿದ್ದ ನಾರಿನಂಥ ಕಸವನ್ನು ದಬ್ಬಣದಿಂದ ಕೆದರಿ ತೆಗೆದೆ ಎಂದು ಅವರು ಸಂತೋಷದಿಂದಲೇ ಹೇಳಿದರು. ಆ ಕಸವೇ ಬಾಣದ ಕಡ್ಡಿಯ ಕೊನೆಯ ಉಳಿಕೆಯಾಗಿತ್ತು. ಕಬ್ಬಿಣ ತುಕ್ಕು ಹಿಡಿಯುವಾಗ ಅದರ ಲವಣಗಳು ಪಕ್ಕದ ಮರದೊಳಗೆ ಇಳಿದು, ಮರ ಕೊಳೆತು ಹೋದರೂ ಅದರ ನಾರಿನ ಅಚ್ಚನ್ನು ಕಲ್ಲಿನಂತೆ ಉಳಿಸುತ್ತವೆ. ಸೂಕ್ಷ್ಮದರ್ಶಕದಲ್ಲಿ ಆ ಅಚ್ಚನ್ನು ನೋಡಿ ಅದು ಬಿದಿರೋ, ಜೊಂಡೋ, ಬೇರೆ ಮರವೋ ಎಂದು ಹೇಳಲು ಬರುತ್ತದೆ. ಮೊನೆಯ ಜೊತೆ ಮೇಲೆದ್ದ ಮಡಕೆಯ ಚೂರುಗಳನ್ನು ಜೆಸಿಬಿ ಬದುವಿನ ಮಣ್ಣಿನಲ್ಲಿ ಕಲಸಿ ಹಾಕಿತ್ತು. ಉಳಿದದ್ದು ಹೊಳೆಯುವ ಒಂದು ಕಬ್ಬಿಣದ ತುಂಡು ಮಾತ್ರ. ಅದು ಯಾವ ಕಾಲದ್ದೆಂದು ಈಗ ಯಾರೂ ಹೇಳಲಾರರು. ಮಾವನ ತಪ್ಪು ಇದರಲ್ಲಿ ಇಲ್ಲ. ಅವರಿಗೆ ಮೊದಲೇ ಹೇಳಿದವರು ಇರಲಿಲ್ಲ.

ಸಿಕ್ಕ ಗಳಿಗೆಯಲ್ಲಿ

ವಸ್ತು ಇನ್ನೂ ಮಣ್ಣಿನಲ್ಲಿ ಅರ್ಧ ಹೂತಿದ್ದರೆ ಅದನ್ನು ಎಳೆಯಬೇಡಿ, ಮೊದಲು ಯಂತ್ರವನ್ನು ಅಥವಾ ನೇಗಿಲನ್ನು ನಿಲ್ಲಿಸಿ. ಅದು ಇದ್ದಲ್ಲಿಯೇ ಇರುವಾಗ ಪಕ್ಕದಲ್ಲಿ ಶಾಲೆಯ ಮಕ್ಕಳ ಅಳತೆಪಟ್ಟಿಯನ್ನಿಟ್ಟು ಮೇಲಿನಿಂದ ಒಂದು ಚಿತ್ರ, ನಾಲ್ಕು ಹೆಜ್ಜೆ ಹಿಂದೆ ಸರಿದು ಸುತ್ತಲಿನ ನೆಲ ಕಾಣುವಂತೆ ಒಂದು ಚಿತ್ರ, ಇನ್ನೂ ದೂರದಿಂದ ಬದು, ಬಾವಿ, ಬೇವಿನ ಮರ ಅಥವಾ ಗುಡ್ಡ ಕಾಣುವಂತೆ ಮತ್ತೊಂದು ಚಿತ್ರ ತೆಗೆಯಿರಿ. ಮೊಬೈಲಿನ ನಕ್ಷೆಯಲ್ಲಿ ನಿಂತ ಜಾಗವನ್ನು ಒತ್ತಿ ಹಿಡಿದರೆ ಅಕ್ಷಾಂಶ ಮತ್ತು ರೇಖಾಂಶದ ಅಂಕಿಗಳು ಬರುತ್ತವೆ. ಅವುಗಳನ್ನು ಸರ್ವೆ ನಂಬರಿನ ಜೊತೆಗೆ ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದನ್ನು ಗೇಣು, ಮೊಳದ ಲೆಕ್ಕದಲ್ಲಿ ಬರೆದರೂ ಸಾಕು. ಮಣ್ಣು ಎರೆಯೋ, ಮಸಾರಿಯೋ, ಬೂದಿಯಂಥದ್ದೋ ಎಂಬುದನ್ನು ಸೇರಿಸುವುದನ್ನು ಮರೆಯಬೇಡಿ.

ಪಕ್ಕದಲ್ಲಿ ಮೂಳೆ ಕಂಡರೆ, ಕಲ್ಲು ಚಪ್ಪಡಿಗಳ ಪೆಟ್ಟಿಗೆಯಂಥದ್ದು ಅಥವಾ ದುಂಡಗೆ ಜೋಡಿಸಿದ ಗುಂಡುಗಲ್ಲುಗಳು ಕಂಡರೆ ಅಲ್ಲಿಗೇ ನಿಲ್ಲಿಸಿ, ತೆಗೆದ ಮಣ್ಣನ್ನು ಮರಳಿ ಮುಚ್ಚಿ, ವಸ್ತುವನ್ನೂ ಅಲ್ಲೇ ಬಿಡುವುದು ಸರಿ. ಅದು ಸಮಾಧಿಯಾಗಿರಬಹುದು. ಅಲ್ಲಿ ಕುಡಿಕೆ, ಆಯುಧ, ಮೂಳೆಗಳನ್ನು ಹೇಗೆ ಇಟ್ಟಿದ್ದರು ಎಂಬ ಜೋಡಣೆಗೇ ಅರ್ಥವಿದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನಾನೂರರಷ್ಟು ಶಿಲಾಸಮಾಧಿಗಳನ್ನು ನೋಡಿದವರಿಗೆ, ನಿಧಿಯ ಆಸೆಗೆ ಚಪ್ಪಡಿಗಳನ್ನು ಕೆಡವಿದ ನೋಟ ಎಷ್ಟು ಸಂಕಟ ಕೊಡುತ್ತದೆ ಎಂಬುದು ಗೊತ್ತು. ಅವುಗಳನ್ನು ಕಟ್ಟಿದವರು ಸತ್ತವರ ಜೊತೆ ಇಟ್ಟದ್ದು ಹೆಚ್ಚಾಗಿ ಮಡಕೆ, ಮಣಿ, ಕಬ್ಬಿಣದ ಸಾಮಾನುಗಳನ್ನು.

ಹಸಿರೋ, ಕೆಂಪೋ

ಬಯಲಲ್ಲಿ ಬಿದ್ದಿರುವ ಬಿಡಿ ವಸ್ತುವಾದರೆ, ಚಿತ್ರ ತೆಗೆದ ಮೇಲೆ ಕೈಗೆತ್ತಿಕೊಂಡು ಬಣ್ಣ ನೋಡಿ. ತಾಮ್ರ ಮತ್ತು ಕಂಚು ಮಣ್ಣಿನಲ್ಲಿ ಹಸಿರು ಪದರ ಕಟ್ಟುತ್ತವೆ, ಆ ಹಸಿರಿನ ಅಡಿಯಲ್ಲಿ ಕೆಲವೊಮ್ಮೆ ಇಟ್ಟಿಗೆಗೆಂಪು ಪದರ ಇಣುಕುತ್ತದೆ. ಕಬ್ಬಿಣ ಕಂದುಗೆಂಪಾಗಿ, ಉಬ್ಬಿ, ಬಿರಿದು, ಮಣ್ಣು ಮತ್ತು ಮರಳನ್ನು ಅಂಟಿಸಿಕೊಂಡು ಮೂಲ ಆಕಾರವೇ ಗುರುತು ಸಿಗದಂತೆ ದಪ್ಪವಾಗಿರುತ್ತದೆ. ಅಯಸ್ಕಾಂತ ಹಿಡಿದು ನೋಡುವುದು ಒಳ್ಳೆಯದೇ, ಆದರೆ ಅದು ಎಳೆಯಲಿಲ್ಲ ಎಂದ ಮಾತ್ರಕ್ಕೆ ಕಬ್ಬಿಣವಲ್ಲ ಎಂದುಕೊಳ್ಳಬೇಡಿ, ಏಕೆಂದರೆ ಪೂರ್ತಿ ತುಕ್ಕಾಗಿ ಹೋದ ಕಬ್ಬಿಣವನ್ನು ಅಯಸ್ಕಾಂತ ಅಷ್ಟಾಗಿ ಎಳೆಯುವುದಿಲ್ಲ. ತಾಮ್ರವೋ ಕಂಚೋ ಎಂಬುದನ್ನು ಮಾತ್ರ ಬರಿಗಣ್ಣಿನಿಂದ ಹೇಳಲಾಗದು. ತವರ ಎಷ್ಟು ಬೆರೆತಿದೆ ಎಂಬುದನ್ನು ಕ್ಷ-ಕಿರಣದ ಉಪಕರಣದಿಂದ, ವಸ್ತುವಿಗೆ ಗಾಯ ಮಾಡದೆ ಅಳೆಯುತ್ತಾರೆ. ಬಣ್ಣ ನೋಡುವ ಆಸೆಗೆ ಚಾಕುವಿನಿಂದ ಕೆರೆಯುವುದು, ಅರದಿಂದ ಉಜ್ಜುವುದು ಬೇಡವೇ ಬೇಡ.

ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ತಿಳಿದಿರಬೇಕು. ಪಶ್ಚಿಮ ಏಷ್ಯಾ, ಯುರೋಪು, ಚೀನಾಗಳಲ್ಲಿ ಕಲ್ಲಿನ ಯುಗದ ನಂತರ ಉದ್ದನೆಯ ಕಂಚಿನ ಯುಗವೊಂದು ನಡೆದು, ಆಮೇಲೆ ಕಬ್ಬಿಣ ಬಂದಿತು. ದಖ್ಖನ್ನಿನ ದಕ್ಷಿಣದಲ್ಲಿ ಹಾಗಾಗಲಿಲ್ಲ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಗುಡ್ಡದ ಕರಿಗಲ್ಲನ್ನು ಒಡೆದು, ಉಜ್ಜಿ, ಕೊಡಲಿಗಳನ್ನು ಮಾಡುತ್ತಿದ್ದ ಜನ ಕ್ರಿ.ಪೂ. 3000ದಿಂದ ಸುಮಾರು 1200ರವರೆಗಿನ ಕಾಲದವರು. ಅವರಿಗೆ ತಾಮ್ರ ಗೊತ್ತಿತ್ತು, ಆದರೆ ಅಲ್ಪ ಪ್ರಮಾಣದಲ್ಲಿ ಮಾತ್ರ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಉತ್ಖನನದಲ್ಲಿ ತಾಮ್ರದ ಕೊಡಲಿಗಳು ಸಿಕ್ಕವು. ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರು ಅಗೆದಾಗ ಅತ್ಯಂತ ಕೆಳಗಿನ ವಸತಿಯ ಪದರದಲ್ಲಿ ತಾಮ್ರದ ಸರಳೊಂದು ಸಿಕ್ಕಿತು. ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ ದೊರೆತ ತಾಮ್ರದ ಕತ್ತಿಗಳಂತೂ ವಿದ್ವಾಂಸರ ಗಮನವನ್ನು ಬಹಳ ಸೆಳೆದಿವೆ, ಏಕೆಂದರೆ ಹಿಡಿಯ ತುದಿ ಕೀಟದ ಮೀಸೆಯಂತೆ ಎರಡಾಗಿ ಕವಲೊಡೆದ ಅದೇ ಬಗೆಯ ಕತ್ತಿಗಳು ಮುಖ್ಯವಾಗಿ ಗಂಗಾ-ಯಮುನೆಯರ ನಡುವಿನ ಬಯಲಿನವು. ಇಷ್ಟನ್ನು ಬಿಟ್ಟರೆ ನಮ್ಮ ನೆಲ ಕಲ್ಲಿನಿಂದ ಹೆಚ್ಚುಕಡಿಮೆ ನೇರವಾಗಿ ಕಬ್ಬಿಣಕ್ಕೆ ದಾಟಿತು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿ.ಪೂ. ಸುಮಾರು 1000ದ ಪದರದಲ್ಲಿಯೇ ಕಬ್ಬಿಣದ ಬಾಣದ ಮೊನೆಗಳು ಬಂದಿವೆ.

ಇದಕ್ಕೆ ಕಾರಣ ನೆಲದಲ್ಲಿಯೇ ಇದೆ. ಕಂಚಿಗೆ ತಾಮ್ರದ ಜೊತೆ ಹತ್ತರಲ್ಲೊಂದು ಪಾಲಿನಷ್ಟು ತವರ ಬೇಕು. ತವರದ ಅದಿರು ನಮ್ಮ ಸುತ್ತಮುತ್ತ ಇಲ್ಲ. ಕಬ್ಬಿಣದ ಅದಿರಾದರೋ ಸಂಡೂರಿನ ಗುಡ್ಡಗಳಲ್ಲಿ ಕಾಲಿಗೆ ಎಡವುವಷ್ಟಿದೆ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ತವರ ಬೆರೆತರೆ ಸುಮಾರು 1000 ಡಿಗ್ರಿಗೇ ನೀರಾಗುತ್ತದೆ. ಆದ್ದರಿಂದ ಕಂಚನ್ನು ಮೂಸೆಯಲ್ಲಿ ಕರಗಿಸಿ ಅಚ್ಚಿಗೆ ಎರೆಯಬಹುದು. ಕಬ್ಬಿಣ ಕರಗಲು 1538 ಡಿಗ್ರಿ ಬೇಕು, ಹಳೆಯ ಕುಲುಮೆಗಳು ಆ ಶಾಖವನ್ನು ಮುಟ್ಟುತ್ತಿರಲಿಲ್ಲ. ಅವರು ಅದಿರನ್ನು ಇದ್ದಿಲಿನ ಜೊತೆ ಹಾಕಿ, ತಿದಿಯೊತ್ತಿ, ಕರಗದೆಯೇ ಸ್ಪಂಜಿನಂತೆ ಉಳಿಯುವ ಕಬ್ಬಿಣದ ಮುದ್ದೆಯನ್ನು ಪಡೆದು, ಅದನ್ನು ಕಾಯಿಸಿ ಬಡಿದು ಕಿಟ್ಟವನ್ನು ಹೊರಹಾಕುತ್ತಿದ್ದರು. ಹಾಗಾಗಿ ಎರಡೂ ಲೋಹಗಳ ಮೊನೆಗಳ ಮೈ ಬೇರೆ ಬೇರೆ ಕತೆ ಹೇಳುತ್ತದೆ. ಎರಕದ ಕಂಚಿನ ಮೊನೆಯಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಜಾಗದಲ್ಲಿ ಸಣ್ಣ ಗೆರೆ ಉಳಿದಿರಬಹುದು, ಕೊಳವೆ ಒಂದೇ ಸಮನಾಗಿ ದುಂಡಗಿರುತ್ತದೆ. ಬಡಿದ ಕಬ್ಬಿಣದ ಕೊಳವೆ ತಗಡನ್ನು ಸುತ್ತಿ ಮಾಡಿದ್ದು, ಅದರ ಅಂಚುಗಳು ಕೂಡುವಲ್ಲಿ ಸೀಳು ಕಾಣುತ್ತದೆ. ಜಾತ್ರೆಗಳಲ್ಲಿ ಕಂಬಾರರು ಇಂದಿಗೂ ಸಲಿಕೆಗೆ ಕಾವು ಸೇರಿಸುವ ತೂತನ್ನು ಹೀಗೆಯೇ ಸುತ್ತಿ ಮಾಡುವುದನ್ನು ನೋಡಬಹುದು.

ಆಕಾರವನ್ನು ಓದುವುದು

ಮೊದಲು ನಮ್ಮ ಒಕ್ಕಲುತನದ ಸಾಮಾನುಗಳನ್ನು ಮನಸ್ಸಿನಲ್ಲಿ ಬದಿಗಿಡಿ. ಕುಂಟೆಯ ಕುಡದ ಮುರಿದ ತುದಿ, ಕುರ್ಚಿಗಿಯ ಅಲಗು, ಬಾರಕೋಲಿನ ಮೊಳೆ, ಬಂಡಿಯ ಕಡಾಣಿ ಇವೆಲ್ಲ ಐವತ್ತು ವರ್ಷ ಮಣ್ಣಿನಲ್ಲಿದ್ದರೆ ಬಹಳ ಹಳೆಯವರಂತೆ ಮುಖ ಮಾಡುತ್ತವೆ. ಒಂದೇ ಬದಿಗೆ ಸವೆದದ್ದು, ಒಂದೇ ಅಂಚು ಹರಿತವಿದ್ದದ್ದು ಸಾಮಾನ್ಯವಾಗಿ ಕೆಲಸದ ಉಪಕರಣ. ಬಾಣದ ಮೊನೆ ಎರಡೂ ಬದಿಗೆ ಸಮನಾಗಿರಬೇಕು, ಇಲ್ಲದಿದ್ದರೆ ಬಾಣ ನೆಟ್ಟಗೆ ಹಾರದು.

ಹಿಂಭಾಗವನ್ನು ಗಮನಿಸಿ. ಕಡ್ಡಿಯೊಳಗೆ ತೂರಿಸುವ ಬಾಲವಿದೆಯೇ, ಕಡ್ಡಿಯನ್ನೇ ತನ್ನೊಳಗೆ ತೆಗೆದುಕೊಳ್ಳುವ ಕೊಳವೆಯಿದೆಯೇ ಅಥವಾ ಎರಡೂ ಇಲ್ಲದೆ ಬರೀ ತಗಡಿನಂತಿದೆಯೇ ಎಂಬುದು ಮೊದಲ ಪ್ರಶ್ನೆ. ಹರಪ್ಪದ ಜನರ ತಾಮ್ರದ ಮೊನೆಗಳು ತೆಳುವಾದ ಚಪ್ಪಟೆ ತಗಡಿನವು, ಹಿಂದಕ್ಕೆ ಬಾಗಿದ ಎರಡು ಮುಳ್ಳುಗಳಿರುವಂಥವು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಶಕ ಕುದುರೆ ಸವಾರರ ಕಂಚಿನ ಮೊನೆಗಳು ಪುಟ್ಟವು, ಕೊಳವೆಯಿರುವಂಥವು, ಮೂರು ರೆಕ್ಕೆಗಳಿರುವಂಥವು. ನಮ್ಮ ಬೃಹತ್ ಶಿಲಾಸಮಾಧಿಗಳ ಕಾಲದ ಕಬ್ಬಿಣದ ಮೊನೆಗಳಲ್ಲಿ ಎಲೆಯಾಕಾರದವು, ಮುಳ್ಳಿರುವವು, ಬಾಲವಿರುವವು, ಕೊಳವೆಯಿರುವವು ಎಲ್ಲವೂ ಇವೆ. ಇನ್ನು ಬಾಣವೋ ಈಟಿಯೋ ಎಂಬ ಸಂದೇಹ ಬಂದರೆ ಕೊಳವೆಯ ಬಾಯನ್ನು ಅಳೆಯಿರಿ. ಬಾಣದ ಕಡ್ಡಿ ಪೆನ್ಸಿಲಿಗಿಂತ ಸ್ವಲ್ಪವೇ ದಪ್ಪ, ಒಂದು ಸೆಂಟಿಮೀಟರಿನ ಆಸುಪಾಸಿನದು. ಹೆಬ್ಬೆರಳು ಹಿಡಿಯುವಷ್ಟು ಬಾಯಿದ್ದರೆ ಅದು ಈಟಿಯ ಅಥವಾ ಭರ್ಚಿಯ ಅಲಗು. ಅಡುಗೆಮನೆಯ ತಕ್ಕಡಿ ಸಿಕ್ಕರೆ ತೂಕವನ್ನೂ ಬರೆದುಕೊಳ್ಳಿ.

ಆಕಾರವೊಂದನ್ನೇ ನೆಚ್ಚಿ ಕಾಲ ಹೇಳಲು ಹೋಗಬೇಡಿ. ಕಬ್ಬಿಣದ ಬಾಣ ನಮ್ಮಲ್ಲಿ ಎರಡೂವರೆ ಸಾವಿರ ವರ್ಷಗಳಷ್ಟು ಕಾಲ ಬಳಕೆಯಲ್ಲಿತ್ತು, ಒಂದೇ ಆಕಾರ ಮತ್ತೆ ಮತ್ತೆ ಬರುತ್ತಿತ್ತು. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಈ ದೋಆಬಿಗಾಗಿ ನಡೆದ ಕಾಳಗಗಳಿಗೆ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದಾಗ ತೋಪುಗಳ ಜೊತೆಗೆ ಬಿಲ್ಲಾಳುಗಳೂ ಇದ್ದರು. ಆದ್ದರಿಂದ ರಾಯಚೂರು, ಮುದಗಲ್ಲು, ಕೊಪ್ಪಳದ ಕೋಟೆಗಳ ಸುತ್ತ ಸಿಗುವ ಮೊನೆ ಐನೂರು ವರ್ಷದ್ದಾಗಿರುವ ಸಾಧ್ಯತೆಯೇ ಹೆಚ್ಚು. ಅದೂ ಅಮೂಲ್ಯವೇ.

ಸುತ್ತಲಿನ ನೆಲ ಹೇಳುವುದು

ಕಾಲವನ್ನು ತೂಗಿ ಹೇಳಬಲ್ಲದ್ದು ಮೊನೆಯ ಸುತ್ತಲಿನ ಮಡಕೆ ಚೂರು. ಕೈಯಿಂದ ಮಾಡಿದ, ಒರಟಾದ ಬೂದುಬಣ್ಣದ ಚೂರುಗಳು, ಉಜ್ಜಿದ ಕಲ್ಲಿನ ಕೊಡಲಿ, ಬಂಡೆಯ ಮೇಲೆ ಅರೆದ ಗುಳಿಗಳು ಇದ್ದರೆ ನವಶಿಲಾಯುಗದ ನೆಲ. ಒಳಗೆ ಮತ್ತು ಬಾಯಂಚಿಗೆ ಕಪ್ಪಾಗಿ, ಹೊರಗೆ ಕೆಳಭಾಗ ಕೆಂಪಾಗಿ, ನಯವಾಗಿ ಹೊಳೆಯುವ ಚೂರುಗಳಿದ್ದರೆ ಕಬ್ಬಿಣದ ಯುಗ ಅಥವಾ ಅದರ ನಂತರದ್ದು. ಮಡಕೆಯನ್ನು ಬೋರಲಾಗಿಟ್ಟು ಸುಡುವುದರಿಂದ ಗಾಳಿ ತಾಗದ ಭಾಗ ಕಪ್ಪಾಗುತ್ತಿತ್ತು. ಬೂದಿಗುಡ್ಡಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಕುಡತಿನಿಯಂಥ ಕಡೆ ಸಿಗುವ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಗಟ್ಟಿಗಳನ್ನು ಕಬ್ಬಿಣದ ಕಿಟ್ಟವೆಂದು ತಿಳಿಯುವವರು ಇದ್ದಾರೆ, ಆದರೆ ಅದು ನವಶಿಲಾಯುಗದ ದನಗಾಹಿಗಳು ಸಗಣಿಯ ರಾಶಿಯನ್ನು ಸುಟ್ಟಾಗ ಆದದ್ದು. ನಿಜವಾದ ಕಿಟ್ಟ ಕೈಗೆ ಭಾರವಾಗಿರುತ್ತದೆ, ಕಪ್ಪಾಗಿ, ಹರಿದು ಹೆಪ್ಪುಗಟ್ಟಿದ ಗುರುತು ತೋರಿಸುತ್ತದೆ. ಅದರ ಜೊತೆ ಸುಟ್ಟ ಮಣ್ಣಿನ ಊದುಕೊಳವೆಯ ತುಂಡು ಕಂಡರೆ ನೀವು ಹಳೆಯ ಕುಲುಮೆಯ ಮೇಲೆ ನಿಂತಿದ್ದೀರಿ.

ಜಾಗದ ಮಹತ್ವಕ್ಕೆ ನನಗೆ ಅತ್ಯಂತ ಪ್ರಿಯವಾದ ಉದಾಹರಣೆ ಚೀನಾದ್ದು. 1974ರಲ್ಲಿ ಶಿಆನ್ ನಗರದ ಹತ್ತಿರ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ಸೈನಿಕರ ತುಂಡುಗಳು ಸಿಕ್ಕವು. ಮುಂದಿನ ಉತ್ಖನನದಲ್ಲಿ ಸುಮಾರು 40,000 ಕಂಚಿನ ಬಾಣದ ಮೊನೆಗಳು ದೊರೆತವು, ಅವುಗಳಲ್ಲಿ ಹಲವು ಬತ್ತಳಿಕೆಯಲ್ಲಿ ನೂರರ ಕಟ್ಟುಗಳಾಗಿದ್ದ ಹಾಗೆಯೇ ಇದ್ದವು. ಕಟ್ಟುಗಳನ್ನು ಕಲಸದೆ ಲೋಹವನ್ನು ಪರೀಕ್ಷಿಸಿದಾಗ, ಒಂದು ಕಟ್ಟಿನ ಮೊನೆಗಳ ಲೋಹದ ಬೆರಕೆ ಒಂದೇ ಬಗೆಯದು, ಪಕ್ಕದ ಕಟ್ಟಿನದು ಬೇರೆ ಎಂದು ತಿಳಿಯಿತು. ಕೆಲಸಗಾರರ ಒಂದೊಂದು ತಂಡವೂ ಬಾಣವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಮುಗಿಸುತ್ತಿತ್ತು ಎಂಬ ಅರಿವು ಬಂದದ್ದು ಹೀಗೆ. ಯಾರಾದರೂ ಅವನ್ನೆಲ್ಲ ಆರಿಸಿ ಒಂದು ಚೀಲಕ್ಕೆ ಸುರಿದಿದ್ದರೆ ಈ ಅರಿವು ಎಂದೆಂದಿಗೂ ಸಿಗುತ್ತಿರಲಿಲ್ಲ.

ಕಾಪಾಡುವ ಬಗೆ

ತೊಳೆಯಬೇಡಿ. ನಮ್ಮ ಮನೆಗಳಲ್ಲಿ ತಾಮ್ರದ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗುವುದು ಕೈಗೆ ಬಂದ ರೂಢಿ. ಹುಣಸೆಯ ಹುಳಿ ಹಸಿರು ಪದರವನ್ನು ತಿಂದುಬಿಡುತ್ತದೆ, ಮೂಲ ಮೈಯ ನಯ, ಉಳಿಪೆಟ್ಟು, ಹರಿತದ ಅಂಚು ಎಲ್ಲವೂ ಉಳಿದಿರುವುದು ಆ ಪದರದಲ್ಲಿಯೇ. ಮಹಾನವಮಿಯ ಆಯುಧಪೂಜೆಯಲ್ಲಿ ಇಂಥ ಮೊನೆಗೆ ಅರಿಶಿನ, ಕುಂಕುಮ ಹಚ್ಚಿ ನಿಂಬೆಹಣ್ಣಿನ ಹೋಳು ಇಡುವುದನ್ನು ಕಂಡಿದ್ದೇನೆ. ಭಕ್ತಿಗೆ ಅಡ್ಡಿಯಿಲ್ಲ, ಹೂವೊಂದನ್ನು ಪಕ್ಕದಲ್ಲಿ ಇಡಿ, ನಿಂಬೆಯ ರಸ ಮತ್ತು ಕುಂಕುಮ ತಾಗದಂತೆ ನೋಡಿಕೊಳ್ಳಿ. ಹರಳೆಣ್ಣೆ, ಸೀಮೆಎಣ್ಣೆ, ವಾರ್ನಿಷ್ ಯಾವುದನ್ನೂ ಹಚ್ಚಬೇಡಿ.

ಹಸಿಯಾಗಿದ್ದರೆ ನೆರಳಲ್ಲಿ ನಿಧಾನವಾಗಿ ಆರಲಿ. ಮಣ್ಣು ಅಂಟಿದ್ದರೆ ಹಾಗೆಯೇ ಇರಲಿ. ಬಣ್ಣವಿಲ್ಲದ ಬಿಳಿ ಕಾಗದದಲ್ಲಿ ಸಡಿಲವಾಗಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೊಸ ಚಪ್ಪಲಿ ಅಥವಾ ಬ್ಯಾಗಿನ ಜೊತೆ ಬರುವ ತೇವ ಹೀರುವ ಸಿಲಿಕಾ ಜೆಲ್ ಪುಡಿಕೆಗಳನ್ನು ನಾಲ್ಕಾರು ಹಾಕಿ. ತಾಮ್ರ ಅಥವಾ ಕಂಚಿನ ಮೈಮೇಲೆ ತಿಳಿಹಸಿರಿನ ಪುಡಿ ಅಲ್ಲಲ್ಲಿ ಹೊಸದಾಗಿ ಉಕ್ಕುತ್ತಿದ್ದರೆ ಅದನ್ನು ಕಂಚಿನ ರೋಗ ಎನ್ನುತ್ತಾರೆ. ಮಣ್ಣಿನ ಉಪ್ಪಿನಿಂದ ಒಳಸೇರಿದ ಕ್ಲೋರೈಡು, ಗಾಳಿ ಮತ್ತು ತೇವ ಸಿಕ್ಕೊಡನೆ ಆಮ್ಲವಾಗಿ ಲೋಹವನ್ನು ಒಳಗಿನಿಂದ ಕೊರೆಯುತ್ತದೆ. ಗಟ್ಟಿಯಾದ ಗಾಢ ಹಸಿರು ಭಯವಿಲ್ಲದ್ದು, ಬೆರಳಿಗೆ ಹತ್ತುವ ತಿಳಿಹಸಿರು ಪುಡಿ ಅಪಾಯದ್ದು. ಕಬ್ಬಿಣದ ಮೇಲೆ ಕಿತ್ತಳೆ ಬಣ್ಣದ ಹನಿಗಳು ಬೆವರಿನಂತೆ ಮೂಡಿದರೂ ಅದೇ ಕಾಯಿಲೆ. ಅಂಥ ವಸ್ತುವನ್ನು ಒಣಗಿದ ಡಬ್ಬಿಯಲ್ಲಿಟ್ಟು ಬೇಗ ತಜ್ಞರಿಗೆ ತಲುಪಿಸಬೇಕು, ನಾವೇ ಔಷಧಿ ಮಾಡಲಾಗದು.

ಹೀಗೆ ಮುಟ್ಟದೆ ಇಟ್ಟದ್ದು ಎಷ್ಟೋ ಕಾಲದ ನಂತರವೂ ಫಲ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಮೋರಿಗೆನ್ ಎಂಬಲ್ಲಿ 19ನೆಯ ಶತಮಾನದಲ್ಲಿ ಸಿಕ್ಕ, 39 ಮಿಲಿಮೀಟರ್ ಉದ್ದದ, 2.9 ಗ್ರಾಂ ತೂಕದ ಕಬ್ಬಿಣದ ಬಾಣದ ಮೊನೆಯೊಂದು ಆಕಾಶದಿಂದ ಬಿದ್ದ ಉಲ್ಕೆಯ ಕಬ್ಬಿಣದ್ದೆಂದು 2023ರಲ್ಲಿ ಪ್ರಕಟವಾಯಿತು. ಅಷ್ಟು ವರ್ಷ ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿದ್ದ ಅದರ ಮೈಮೇಲೆ ಕಡ್ಡಿಗೆ ಅಂಟಿಸಿದ ಅಂಟಿನ ಕುರುಹೂ ಉಳಿದಿತ್ತು.

ಒಪ್ಪಿಸುವ ಬಗೆ

ಭೂಮಿಯಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿಗೆ ಸಂಬಂಧಿಸಿದ ರಾಜ್ಯದ 1962ರ ಕಾಯ್ದೆ ಹೇಳುತ್ತದೆ. 1972ರ ಕೇಂದ್ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪ್ರಾಚ್ಯವಸ್ತು. ಅದನ್ನು ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಗುಜರಿಯವರಿಗೆ ತೂಕಕ್ಕೆ ಹಾಕುವುದಂತೂ ಎಲ್ಲಕ್ಕಿಂತ ದೊಡ್ಡ ನಷ್ಟ.

ತಹಶೀಲ್ದಾರರ ಕಚೇರಿಯ ಮೂಲಕ ಜಿಲ್ಲಾಧಿಕಾರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಅದರಲ್ಲಿ ಸಿಕ್ಕ ದಿನ, ಊರು, ಸರ್ವೆ ನಂಬರು, ಆಳ, ಮಣ್ಣಿನ ಬಗೆ, ಜೊತೆಗೆ ಕಂಡದ್ದು, ವಸ್ತುವಿನ ಉದ್ದ, ಅಗಲ, ತೂಕ ಇರಲಿ. ಚಿತ್ರಗಳನ್ನು ಲಗತ್ತಿಸಿ. ಅದರ ಒಂದು ಪ್ರತಿಯನ್ನು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಕಳುಹಿಸಿ. ಬಳ್ಳಾರಿಯಲ್ಲಿ ಸಂಗನಕಲ್ಲಿನ ಶೋಧಗಳಿಗೆಂದೇ ಇರುವ, ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ, ಸಿಕ್ಕ ಚೂರನ್ನು ಯಾವುದರ ಜೊತೆ ಹೋಲಿಸಬೇಕು ಎಂಬುದು ಅವರಿಗೂ ನಿಮಗೂ ತಿಳಿಯುತ್ತದೆ.

ತಿಳಿಸಿದರೆ ಸರ್ಕಾರ ಹೊಲವನ್ನೇ ಕಿತ್ತುಕೊಳ್ಳುತ್ತದೆ ಎಂಬ ಭಯ ಊರುಗಳಲ್ಲಿ ಆಳವಾಗಿದೆ. ಆ ಭಯದಿಂದಲೇ ಎಷ್ಟೋ ವಸ್ತುಗಳು ಬಾವಿ ಸೇರಿವೆ. ಒಂದು ಬಿಡಿ ಮೊನೆ ಸಿಕ್ಕಿತೆಂದು ಹೊಲ ಸಂರಕ್ಷಿತ ಸ್ಮಾರಕವಾಗುವುದಿಲ್ಲ. 1958ರ ಸ್ಮಾರಕ ಕಾಯ್ದೆಯಡಿ ಹಾಗೆ ಘೋಷಿಸಬೇಕಾದರೆ ಮೊದಲು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳ ಕಾಲಾವಕಾಶ ಕೊಡಬೇಕು. ಅರ್ಜಿ ಬರೆಯುವ ಮುನ್ನ ಮನೆಯವರಿಗೆ ಇದನ್ನು ಬಿಡಿಸಿ ಹೇಳಿ.

ವಸ್ತುವನ್ನು ಒಪ್ಪಿಸುವಾಗ ಸಹಿ ಮತ್ತು ಮೊಹರಿರುವ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ, ಅದರಲ್ಲಿ ವಸ್ತುವಿನ ಅಳತೆ ಮತ್ತು ಸಿಕ್ಕ ಜಾಗ ಬರೆದಿದೆಯೇ ಎಂದು ನೋಡಿ, ಒಂದು ಪ್ರತಿಯನ್ನು ಪಹಣಿಯ ಜೊತೆ ಇಟ್ಟುಕೊಳ್ಳಿ. ಮುಂದಿನ ವರ್ಷ ಹೊಲ ಹರಗಿದ ಮೇಲೆ ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ತೊಳೆದುಹೋದಾಗ, ಬೆಳಗಿನ ಓರೆ ಬಿಸಿಲಿನಲ್ಲಿ ಅದೇ ಜಾಗದ ಸುತ್ತ ಒಮ್ಮೆ ನಿಧಾನವಾಗಿ ನಡೆದು ಬನ್ನಿ. ಆಗ ಮಡಕೆ ಚೂರುಗಳು ಚೆನ್ನಾಗಿ ಎದ್ದು ಕಾಣುತ್ತವೆ. ಏನನ್ನೂ ಆರಿಸದೆ, ಕಂಡ ಕಡೆಯೆಲ್ಲ ಚಿತ್ರ ತೆಗೆದು, ಹಿಂದಿನ ಹಾಳೆಯ ಕೆಳಗೆ ದಿನಾಂಕ ಹಾಕಿ ಬರೆದಿಡಿ.